ಬಲೂನ್ ಗಿಡ

ಎಕ್ಕದ ಬಳಗಕ್ಕೆ ಸೇರಿದ, ಆಗ್ನೇಯ ಆಫ್ರಿಕ ಮೂಲದ ಹಾಲುಗಿಡ. ವೈಜ್ಞಾನಿಕ ಹೆಸರು ಗಾಂಫೊಕಾರ್ಪಸ್ ಫೈಸೊಕಾರ್ಪಸ್. ಗಾಳಿ ತುಂಬಿ ಉಬ್ಬಿದ, ಮೈಮೇಲೆ ಮೆತ್ತನೆಯ ಬಿರುಗೂದಲಿರುವ ತಿಳಿಹಸಿರು ಕಾಯಿಗಳಿಗಾಗಿ ಇದನ್ನು ಅನೇಕ ದೇಶಗಳ ತೋಟಗಳಲ್ಲಿ ಬೆಳೆಸುತ್ತಾರೆ. ಕಾಯಿಬಿಟ್ಟ ರೆಂಬೆಗಳು ಹೂವಿನ ಮಾರುಕಟ್ಟೆಗೆ ಹೋಗುತ್ತವೆ. ಇದರ ಎಲೆಯು ಹುಲಿ ಚಿಟ್ಟೆ ಮತ್ತು ಮೊನಾರ್ಕ್ ಚಿಟ್ಟೆಗಳ ಮರಿಹುಳುಗಳಿಗೆ ಆಹಾರ. ಬೀಜ ಹೇರಳವಾಗಿ ಬಿಡುತ್ತದೆ, ಬಿತ್ತಿದ ವರ್ಷವೇ ಕಾಯಿ ಕಟ್ಟುತ್ತದೆ, ವಿಷದ ಹಾಲಿರುವುದರಿಂದ ದನಕುರಿಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತೋಟಗಾರರಿಗೆ ಅನುಕೂಲವಾದ ಈ ಗುಣಗಳೇ ಆಸ್ಟ್ರೇಲಿಯ ಮೊದಲಾದೆಡೆ ಇದನ್ನು ಕಳೆಯಾಗಿಸಿವೆ. ಹೀಗಾಗಿ ಬಲೂನ್ ಗಿಡದ ಬೇಸಾಯದಲ್ಲಿ ಬಿತ್ತುವುದು ಸುಲಭದ ಕೆಲಸ. ಹೂವು ಕಾಯಾಗುವ ಬಗೆಯನ್ನು ಅರಿತು, ಕಾಯಿ ಬಿರಿಯುವುದಕ್ಕೆ ಮೊದಲೇ ಅದನ್ನು ಹಿಡಿತದಲ್ಲಿಡುವುದು ಮುಖ್ಯವಾದದ್ದು.

ವರ್ಗೀಕರಣ

ಬಲೂನ್ ಗಿಡ ಅಪೋಸೈನೇಸೀ ಕುಟುಂಬದ್ದು. ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ, ಎಕ್ಕ, ಸೊಗದೆ ಬೇರಿನ ಬಳ್ಳಿ ಇವೆಲ್ಲ ಇದೇ ಕುಟುಂಬದವು. ಮೊದಲು ಎಕ್ಕ ಮತ್ತು ಅದರ ಹತ್ತಿರದ ಸಸ್ಯಗಳನ್ನು ಆಸ್ಕ್ಲಿಪಿಯಡೇಸೀ ಎಂಬ ಬೇರೆ ಕುಟುಂಬವಾಗಿ ಪರಿಗಣಿಸಲಾಗಿತ್ತು. ಪರಾಗವು ಬಿಡಿ ಪುಡಿಯಾಗಿರದೆ ಮೇಣದಂಥ ಗಂಟುಗಳಾಗಿರುವುದನ್ನು ಗಮನಿಸಿ ಈ ವಿಂಗಡಣೆ ಮಾಡಿದವನು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ಗಾಂಫೊಕಾರ್ಪಸ್ ಜಾತಿಯನ್ನು 1810ರಲ್ಲಿ ಸ್ಥಾಪಿಸಿದವನೂ ಅವನೇ. 1998ರ ಆವೃತಬೀಜ ಸಸ್ಯಗಳ ಹೊಸ ವರ್ಗೀಕರಣದಲ್ಲಿ ಆಸ್ಕ್ಲಿಪಿಯಡೇಸೀ ಮತ್ತೆ ಅಪೋಸೈನೇಸೀಯೊಳಗೆ ಸೇರಿತು. ಈಗ ಅದಕ್ಕೆ ಉಪಕುಟುಂಬದ ಸ್ಥಾನವಿದೆ.

ಬಲೂನ್ ಗಿಡವನ್ನು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದವನು ಜರ್ಮನಿಯ ಅರ್ನ್ಸ್ಟ್ ಮೇಯರ್. ಮುಂದೆ ರುಡಾಲ್ಫ್ ಷ್ಲೆಕ್ಟರ್ ಇದನ್ನು ಆಸ್ಕ್ಲಿಪಿಯಾಸ್ ಜಾತಿಗೆ ಸೇರಿಸಿದ. ಬೀಜದ ಪೊಟ್ಟಣಗಳ ಮೇಲೆ ಇಂದಿಗೂ ಆಸ್ಕ್ಲಿಪಿಯಾಸ್ ಫೈಸೊಕಾರ್ಪ ಎಂಬ ಹೆಸರು ಕಾಣುವುದು ಈ ಕಾರಣಕ್ಕೆ. ಎರಡು ಹೆಸರೂ ಒಂದೇ ಗಿಡದವು. ಗಾಂಫೊಕಾರ್ಪಸ್ ಜಾತಿಯಲ್ಲಿ ಸುಮಾರು 20 ಪ್ರಭೇದಗಳಿದ್ದು ಅವುಗಳ ನೆಲೆ ಆಫ್ರಿಕ ಮತ್ತು ಅರೇಬಿಯ.

ಇದರೊಂದಿಗೆ ಹೆಚ್ಚಾಗಿ ಬೆರೆತುಹೋಗುವ ಸಸ್ಯ ಹಂಸಗಿಡ, ಅಂದರೆ ಗಾಂಫೊಕಾರ್ಪಸ್ ಫ್ರೂಟಿಕೋಸಸ್. ಲಿನೀಯಸ್ 1753ರಲ್ಲಿ ಇದನ್ನು ಆಸ್ಕ್ಲಿಪಿಯಾಸ್ ಜಾತಿಯ ಅಡಿಯಲ್ಲಿ ವರ್ಣಿಸಿದ್ದ. ಹಂಸಗಿಡದ ಕಾಯಿ ಕೊಂಚ ಚಿಕ್ಕದು, ತುದಿಯಲ್ಲಿ ಕೊಕ್ಕಿನಂತೆ ಚೂಪು. ಬಲೂನ್ ಗಿಡದ ಕಾಯಿ ಗುಂಡಗಿರುತ್ತದೆ, ಅದಕ್ಕೆ ಕೊಕ್ಕಿಲ್ಲ. ಎರಡೂ ಹತ್ತಿರ ಬೆಳೆದಲ್ಲಿ ಸಂಕರಗೊಂಡು ನಡುವಣ ರೂಪದ ಕಾಯಿ ಬಿಡುವ ಗಿಡಗಳು ಹುಟ್ಟುವುದರಿಂದ, ಒಂದೇ ಕಾಯಿಯನ್ನು ನೋಡಿ ಪ್ರಭೇದವನ್ನು ನಿರ್ಧರಿಸುವುದು ಸರಿಯಾಗದು. ನ್ಯೂಜಿಲೆಂಡಿನಲ್ಲಿ ಎರಡನ್ನೂ ಹಂಸಗಿಡವೆಂದೇ ಕರೆದು ಮಾರುವುದುಂಟು.

ಸ್ವರೂಪ

ನೆಟ್ಟಗೆ ಬೆಳೆಯುವ, ಬುಡ ಕಟ್ಟಿಗೆಯಾಗುವ ಮೃದುಪೊದೆ. ಎತ್ತರ ಸಾಮಾನ್ಯವಾಗಿ 1ರಿಂದ 2 ಮೀಟರ್. ಬೆಚ್ಚಗಿನ ನಾಡುಗಳಲ್ಲಿ ಕೆಲವು ವರ್ಷ ಬದುಕುತ್ತದೆ. ಹಿಮ ಬೀಳುವಲ್ಲಿ ಒಂದೇ ವರ್ಷದ ಗಿಡವಾಗಿ ಬೆಳೆಸುತ್ತಾರೆ. ಕಾಂಡದ ಮೇಲೆ ನಯವಾದ ಗಿಡ್ಡ ರೋಮಗಳಿವೆ. ಎಲೆಗಳು ಅಭಿಮುಖವಾಗಿ ಜೋಡಣೆಗೊಂಡಿವೆ. ಆಕಾರ ಕಿರಿದಾದ ಭರ್ಜಿಯದು, ಉದ್ದ 10 ಸೆಂಮೀ ಆಸುಪಾಸು, ಅಗಲ 1 ಸೆಂಮೀಗಿಂತ ತುಸು ಹೆಚ್ಚು. ಗಿಡದ ಯಾವ ಭಾಗವನ್ನು ಮುರಿದರೂ ಬಿಳಿಯ ಹಾಲು ಒಸರುತ್ತದೆ. ಬೇರು ಆಳಕ್ಕಿಳಿಯುತ್ತದೆ.

ಹೂಗಳು ಚಿಕ್ಕವು, ಎಲೆಗಳ ನಡುವಿನಿಂದ ಹೊರಟ ಛತ್ರಮಂಜರಿಗಳಲ್ಲಿ ತಲೆ ಬಾಗಿಸಿ ತೂಗುತ್ತವೆ. ದಳಗಳು ಬಿಳಿ, ಹಿಂದಕ್ಕೆ ಮಡಿಸಿಕೊಂಡಿರುತ್ತವೆ. ನಡುವಿನ ಕಿರೀಟದಲ್ಲಿ ನಸುಗೆಂಪು ಅಥವಾ ನೇರಳೆ ಛಾಯೆ. ಕಾಯಿ ಟೆನಿಸ್ ಚೆಂಡಿನಷ್ಟು, ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ವ್ಯಾಸ 6ರಿಂದ 8 ಸೆಂಮೀ. ಗಾತ್ರದ ಬಹುಭಾಗ ಬರಿಯ ಗಾಳಿ. ಹೊರಸಿಪ್ಪೆ ಕಾಗದದಂತೆ ತೆಳು. ಒಳಗೆ ನಡುವಿನ ತಿರುಳಿನ ಸುತ್ತ ಕಂದು ಬೀಜಗಳು ಸಾಲಾಗಿ ಒತ್ತಿಕೊಂಡಿದ್ದು ಪ್ರತಿಯೊಂದರ ತುದಿಯಲ್ಲೂ ಹೊಳೆಯುವ ಬಿಳಿ ಎಳೆಗಳ ಕುಚ್ಚಿದೆ. ಬಲಿತ ಕಾಯಿಯ ಬಣ್ಣ ಮಾಸಿ, ಹಲವು ಬಾರಿ ಕೆಂಪೇರಿ, ಒಂದು ಪಕ್ಕದ ಹೊಲಿಗೆಯಲ್ಲಿ ಬಿರಿಯುತ್ತದೆ. ಕುಚ್ಚುಗಳು ಒಣಗಿ ಅರಳಿದಂತೆ ಬೀಜಗಳನ್ನು ಗಾಳಿ ಹೊತ್ತೊಯ್ಯುತ್ತದೆ.

ಹೂವಿನ ರಚನೆ ಮತ್ತು ಪರಾಗಸ್ಪರ್ಶ

ತೋಟದಲ್ಲಿ ಮೈತುಂಬ ಹೂ ಬಿಟ್ಟ ಗಿಡವೊಂದು ಒಂದೂ ಕಾಯಿ ಕಟ್ಟದೆ ಉಳಿಯುವುದುಂಟು. ಇದಕ್ಕೆ ಗೊಬ್ಬರದ ಕೊರತೆಯನ್ನು ದೂರುವವರೇ ಹೆಚ್ಚು. ಕಾರಣ ಬಹುತೇಕ ಹೂವಿನಲ್ಲೇ ಇರುತ್ತದೆ.

ಈ ಬಳಗದ ಹೂಗಳಲ್ಲಿ ಕೇಸರಗಳೂ ಶಲಾಕಾಗ್ರವೂ ಕೂಡಿ ನಡುವೆ ಒಂದು ಕಂಬವಾಗಿವೆ. ಕಂಬದ ಸುತ್ತ ಐದು ಬಟ್ಟಲುಗಳು. ಮಕರಂದ ತುಂಬಿಕೊಳ್ಳುವುದು ಅವುಗಳಲ್ಲಿ. ಅಕ್ಕಪಕ್ಕದ ಕೇಸರಗಳ ನಡುವೆ ಕಿರಿದಾದ ಸೀಳು, ಹೀಗೆ ಹೂವಿಗೆ ಐದು ಸೀಳುಗಳು. ಪ್ರತಿ ಸೀಳಿನ ನೆತ್ತಿಯಲ್ಲಿ ಗಟ್ಟಿಯಾದ, ಕಪ್ಪಗಿನ ಪುಟ್ಟ ಹಿಡಿಕೆಯೊಂದಿದ್ದು ಅದರ ಎರಡೂ ಬದಿಗೆ ಸಣ್ಣ ತೋಳುಗಳ ಮೂಲಕ ಪರಾಗದ ಗಂಟುಗಳು ತೂಗಿಕೊಂಡಿವೆ. ಮಕರಂದಕ್ಕೆ ಬಂದ ಕೀಟದ ಕಾಲೋ ಬಾಯಿಯ ರೋಮವೋ ಸೀಳಿನಲ್ಲಿ ಜಾರಿ ಮೇಲಕ್ಕೆ ಸರಿದರೆ ಹಿಡಿಕೆ ಅದಕ್ಕೆ ಕಚ್ಚಿಕೊಳ್ಳುತ್ತದೆ. ಕೀಟ ಎಳೆದುಕೊಂಡು ಹಾರಿದಾಗ ಜೋಡಿ ಗಂಟುಗಳೂ ಜೊತೆಗೆ ಹೋಗುತ್ತವೆ. ದಾರಿಯಲ್ಲಿ ತೋಳುಗಳು ಒಣಗಿ ತಿರುಚಿಕೊಳ್ಳುತ್ತವೆ. ಇನ್ನೊಂದು ಹೂವಿನ ಸೀಳಿನಲ್ಲಿ ಗಂಟು ಸರಿಯಾಗಿ ಕೂತರೆ ಮಾತ್ರ ಪರಾಗಸ್ಪರ್ಶ ಆಯಿತು. ಬಲವಿಲ್ಲದ ಸಣ್ಣ ಕೀಟಗಳು ಕಾಲು ಸಿಕ್ಕಿಕೊಂಡು ಹೂವಿನಲ್ಲೇ ಸಾಯುವುದೂ ಇದೆ.

ಒಂದು ಗಂಟಿನಲ್ಲಿ ಕಾಯಿಯೊಂದರ ಬೀಜಗಳಿಗೆಲ್ಲ ಸಾಲುವಷ್ಟು ಪರಾಗವಿರುವುದರಿಂದ, ಹೂಗೊಂಚಲಿನಲ್ಲಿ ಒಂದೆರಡೇ ಕಾಯಿ ನಿಂತರೂ ಬೀಜಗಳ ಸಂಖ್ಯೆ ದೊಡ್ಡದು. ಪ್ರತಿ ಹೂವಿನಲ್ಲಿ ಎರಡು ಅಂಡಾಶಯಗಳಿದ್ದರೂ ಸಾಮಾನ್ಯವಾಗಿ ಒಂದೇ ಕಾಯಾಗುತ್ತದೆ.

ದಕ್ಷಿಣ ಆಫ್ರಿಕದಲ್ಲಿ ನಡೆದ ಅಧ್ಯಯನಗಳು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿವೆ. ಅಲ್ಲಿ ಬಲೂನ್ ಗಿಡದ ಮುಖ್ಯ ಪರಾಗವಾಹಕಗಳು ಬೆಲೊನೊಗ್ಯಾಸ್ಟರ್ ಮತ್ತು ಪಾಲಿಸ್ಟಿಸ್ ಜಾತಿಯ ಕಡಜಗಳು. ಎರಡನೆಯದಾಗಿ, ಅಲ್ಲಿನ ಗಿಡಗಳು ತಮ್ಮ ಪರಾಗದಿಂದ ತಾವೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವೇ ಬೇಕು. ಕಾಯಿ ಬೇಕೆನ್ನುವವರು ಬೀಜದಿಂದ ಎದ್ದ ಎರಡು ಮೂರು ಸಸಿಗಳನ್ನಾದರೂ ಒಟ್ಟಿಗೆ ನೆಡಬೇಕೆಂಬ ಸಲಹೆಯ ಹಿಂದೆ ಇರುವುದು ಈ ಸಂಗತಿ. ಹೂ ಬಿಡುವ ದಿನಗಳಲ್ಲಿ ಕಡಜಗಳು ಸುಳಿದಾಡಿದರೆ ಅವನ್ನು ಓಡಿಸದಿರುವುದು ಒಳ್ಳೆಯದು.

ಮೂಲ ನೆಲೆ ಮತ್ತು ಹರಡುವಿಕೆ

ದಕ್ಷಿಣ ಆಫ್ರಿಕದ ಪೂರ್ವ ಭಾಗ, ಎಸ್ವಾಟಿನಿ ಮತ್ತು ಮೊಜಾಂಬಿಕ್ ಇದರ ತವರು. ಕ್ವಾಜುಲು-ನಟಾಲ್ ಪ್ರಾಂತದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಅದು ಬೇಸಿಗೆಯಲ್ಲಿ ಮಳೆ ಬೀಳುವ, ಚಳಿಗಾಲ ಒಣಗಿರುವ ಸೀಮೆ. ರಸ್ತೆಯ ಬದಿ, ಉಳುಮೆ ಬಿಟ್ಟ ಹೊಲ, ಅತಿಯಾಗಿ ಮೇಯಿಸಿದ ಹುಲ್ಲುಗಾವಲು, ಮಣ್ಣು ಅಗೆದು ಬಿಟ್ಟ ಜಾಗ ಇವೇ ಇದು ಮೊದಲು ಎದ್ದುಬರುವ ತಾಣಗಳು. ದಟ್ಟ ಕಾಡಿನ ನೆರಳಿನಲ್ಲಿ ಬೆಳೆಯುವುದಿಲ್ಲ.

ತೋಟದ ಗಿಡವಾಗಿ ಸಾಗಿಸಲಾದ ಇದು ಅನೇಕ ಕಡೆ ಬೇಲಿ ದಾಟಿ ಕಾಡುಗಿಡವಾಗಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್‌ಗಳಲ್ಲಿ ಇದಕ್ಕೆ ಬಲೂನ್ ಹತ್ತಿಪೊದೆಯೆಂಬ ಹೆಸರಿದೆ. ಹವಾಯಿ ದ್ವೀಪಗಳಲ್ಲೂ ನೆಲೆಯೂರಿದೆ. ಹಂಸಗಿಡ ಮೆಡಿಟರೇನಿಯನ್ ತೀರದಲ್ಲಿ, ಸ್ಪೇನಿನ ದಕ್ಷಿಣದಲ್ಲಿ, ಪಶ್ಚಿಮ ಆಸ್ಟ್ರೇಲಿಯದಲ್ಲಿ ಹರಡಿಕೊಂಡಿದೆ.

ಬೇಸಾಯ

*ಹವೆ ಮತ್ತು ಮಣ್ಣು:* ದಿನವಿಡೀ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಗಿಡ ತೆಳ್ಳಗೆ ಉದ್ದವಾಗಿ ಬೆಳೆದು ವಾಲುತ್ತದೆ, ಹೂ ಕಡಿಮೆ. ಮಣ್ಣು ಯಾವುದಾದರೂ ಆದೀತು. ನೀರು ಬಸಿದು ಹೋಗಬೇಕು ಅಷ್ಟೆ. ಜೌಗು ನೆಲದಲ್ಲಿ ಬೇರು ಕೊಳೆಯುತ್ತದೆ. ಜೇಡಿ ಮಣ್ಣಾದರೆ ಮರಳು, ಕಳಿತ ಎಲೆಗೊಬ್ಬರ ಬೆರೆಸಿ ಏರುಮಡಿ ಮಾಡಿಕೊಳ್ಳಬೇಕು. ಲಘುವಾದ ಇಬ್ಬನಿಹಿಮವನ್ನು ಬೆಳೆದ ಗಿಡ ಸಹಿಸಬಹುದು. ಕಟುವಾದ ಹಿಮ ಬಿದ್ದರೆ ಸಾಯುತ್ತದೆ.

*ನಾಟಿ:* ಗಿಡದಿಂದ ಗಿಡಕ್ಕೆ 60ರಿಂದ 90 ಸೆಂಮೀ ಅಂತರವಿರಲಿ. ಬೇರು ಆಳಕ್ಕಿಳಿಯುವ ಸ್ವಭಾವದ್ದಾದ್ದರಿಂದ ದೊಡ್ಡ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ. ಸಸಿ ಚಿಕ್ಕದಿರುವಾಗಲೇ, ಬೇರಿನ ಸುತ್ತಣ ಮಣ್ಣಿನ ಹೆಂಟೆ ಒಡೆಯದಂತೆ ಕಾಯಂ ಜಾಗಕ್ಕೆ ಇಳಿಸುವುದು ಲೇಸು. ಕುಂಡದಲ್ಲಿ ಬೆಳೆಸುವವರು ಅಗಲಕ್ಕಿಂತ ಆಳಕ್ಕೆ ಗಮನ ಕೊಡಬೇಕು.

*ಕುಡಿ ಚಿವುಟುವುದು:* ಸಸಿ 15ರಿಂದ 20 ಸೆಂಮೀ ಎತ್ತರವಾದಾಗ ತುದಿಯ ಕುಡಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳೊಡೆದು ಗಿಡ ಪೊದೆಯಾಗುತ್ತದೆ. ಚಿವುಟದೆ ಬಿಟ್ಟರೆ ಒಂಟಿ ಕಾಂಡ ಎತ್ತರಕ್ಕೆ ಹೋಗಿ, ಕಾಯಿಗಳ ಭಾರಕ್ಕೂ ಗಾಳಿಗೂ ಬಾಗುತ್ತದೆ. ಗಾಳಿ ಬೀಸುವಲ್ಲಿ ನಾಟಿಯ ಹೊತ್ತಿಗೇ ಗೂಟ ಊರಿದರೆ ಮುಂದೆ ಬೇರಿಗೆ ಪೆಟ್ಟಾಗದು.

*ನೀರು, ಗೊಬ್ಬರ:* ಬೇರು ಹಿಡಿಯುವವರೆಗೆ ಮಣ್ಣು ಹದವಾಗಿ ತೇವವಿರಬೇಕು. ಆಮೇಲೆ ಗಿಡ ಕೆಲವು ದಿನಗಳ ಒಣಹವೆಯನ್ನು ತಾಳಿಕೊಳ್ಳುತ್ತದೆ; ಹೂ ಮತ್ತು ಕಾಯಿಯ ಕಾಲದಲ್ಲಿ ನೀರು ತಪ್ಪಿಸದಿದ್ದರೆ ಕಾಯಿ ದೊಡ್ಡದಾಗುತ್ತದೆ. ನಾಟಿಯ ಹೊತ್ತಿಗೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಸಾರಜನಕ ಹೆಚ್ಚಾದರೆ ಎಳೆ ಚಿಗುರು ಸೊಂಪಾಗಿ ಬರುತ್ತದೆ. ಅದರ ಬೆನ್ನಿಗೇ ಸಸ್ಯಹೇನು ಬರುತ್ತದೆ.

*ಸವರುವುದು:* ಹಲವು ವರ್ಷ ಉಳಿಸಿಕೊಳ್ಳುವ ಗಿಡವನ್ನು ಕಾಯಿಯ ಕಾಲ ಮುಗಿದ ಮೇಲೆ ಅರ್ಧದಷ್ಟು ಸವರಿದರೆ ಬುಡದಿಂದ ಹೊಸ ರೆಂಬೆಗಳು ಬರುತ್ತವೆ. ಹಳೆಯದಾದಷ್ಟೂ ಬುಡ ಬೋಳಾಗುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಸಸಿ ಎಬ್ಬಿಸಿಕೊಳ್ಳುವುದು ರೂಢಿ.

ಸಸ್ಯಾಭಿವೃದ್ಧಿ: ಬೀಜದಿಂದ

ಉತ್ತರ ಅಮೆರಿಕದ ಅನೇಕ ಹಾಲುಗಿಡಗಳ ಬೀಜಗಳು ಕೆಲವು ವಾರ ತೇವದ ಚಳಿಯಲ್ಲಿದ್ದ ಮೇಲೆ ಮಾತ್ರ ಚೆನ್ನಾಗಿ ಮೊಳೆಯುತ್ತವೆ. ಅವನ್ನು ಬೆಳೆಸುವವರು ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಡುತ್ತಾರೆ. ಕಟುವಾದ ಚಳಿಗಾಲವಿಲ್ಲದ ನಾಡಿನಿಂದ ಬಂದ ಬಲೂನ್ ಗಿಡಕ್ಕೆ ಆ ಉಪಚಾರ ಬೇಡ. ಬೆಚ್ಚಗಿನ ಮಣ್ಣು ಸಿಕ್ಕರೆ ಸಾಕು.

ಬಿತ್ತುವ ಮುನ್ನ ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಸಿಪ್ಪೆ ಮೆತ್ತಗಾಗುತ್ತದೆ. ತೆಂಗಿನ ನಾರಿನ ಪುಡಿ, ಮರಳು, ಎರೆಗೊಬ್ಬರ ಬೆರೆಸಿದ ಹಗುರ ಮಿಶ್ರಣವನ್ನು ಟ್ರೇ ಅಥವಾ ಸಣ್ಣ ಕುಂಡಗಳಲ್ಲಿ ತುಂಬಿ, ಅರ್ಧ ಸೆಂಮೀ ಆಳದಲ್ಲಿ ಬೀಜವಿಟ್ಟು ತೆಳುವಾಗಿ ಮುಚ್ಚಬೇಕು. ಮಣ್ಣು 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಎರಡು ಮೂರು ವಾರಗಳಲ್ಲಿ ಮೊಳಕೆಗಳು ಕಾಣಿಸಿಕೊಳ್ಳುತ್ತವೆ. ಮೊಳೆಯುವ ತನಕ ತೇವ ಆರಬಾರದು. ಮೊಳೆತ ಮೇಲೆ ಅತಿ ನೀರಾಗಬಾರದು. ಒದ್ದೆ ಹೆಚ್ಚಾಗಿ ಗಾಳಿ ಆಡದಿದ್ದರೆ ಎಳೆ ಸಸಿಗಳ ಬುಡ ಕೊಳೆತು ಮಡಿಯೇ ಮಲಗಿಬಿಡುತ್ತದೆ. ನಾಲ್ಕರಿಂದ ಆರು ಎಲೆ ಬಂದ ಸಸಿಗಳನ್ನು ಆಳವಾದ ಚೀಲಕ್ಕೆ ಬದಲಾಯಿಸಿ, ಒಂದು ವಾರ ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಿ ತೋಟಕ್ಕಿಳಿಸಬಹುದು.

ಹಿಮ ಬೀಳುವ ದೇಶಗಳಲ್ಲಿ ಕೊನೆಯ ಹಿಮಕ್ಕೆ ಆರೆಂಟು ವಾರ ಮುಂಚೆ ಮನೆಯೊಳಗೆ ಬಿತ್ತುತ್ತಾರೆ. ಕಾಯಿ ಬಲಿಯಲು ದೀರ್ಘಕಾಲ ಬೇಕಾದ್ದರಿಂದ ಅಲ್ಲಿ ತಡವಾಗಿ ಬಿತ್ತಿದರೆ ಹೂ ನೋಡಬಹುದು, ಬೀಜ ಸಿಗದು.

ಬೀಜ ಸಂಗ್ರಹಕ್ಕೆ ಕಾಯಿ ಆರಿಸುವ ಹದ ಮುಖ್ಯ. ಹಸಿರು ಕಾಯಿಯ ಬೀಜ ಬಿಳಿಚಿಕೊಂಡಿರುತ್ತದೆ, ಮೊಳೆಯುವುದಿಲ್ಲ. ಕಾಯಿಯ ಬಣ್ಣ ಮಾಸಿ, ಹೊಲಿಗೆಯ ಗೆರೆಯನ್ನು ಮೆಲ್ಲಗೆ ಒತ್ತಿದೊಡನೆ ಬಿಟ್ಟುಕೊಂಡರೆ ಬಲಿತಿದೆ ಎಂದರ್ಥ. ಒಳಗಿನ ಬೀಜ ಆಗ ಕಡು ಕಂದು. ದಿನವೂ ನೋಡಲಾಗದವರು ಬಲಿಯುತ್ತಿರುವ ಕಾಯಿಗೆ ತೆಳುಬಟ್ಟೆಯ ಚೀಲ ಕಟ್ಟಿಬಿಡಬಹುದು. ಕುಚ್ಚುಗಳು ಇನ್ನೂ ಅರಳದೆ ಒತ್ತಿಕೊಂಡಿರುವಾಗಲೇ ಅವುಗಳ ತುದಿಗಳನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಬೀಜಗಳನ್ನು ಉದುರಿಸಿದರೆ ಬೀಜ ಮತ್ತು ಎಳೆ ಸಲೀಸಾಗಿ ಬೇರೆಯಾಗುತ್ತವೆ. ಅರಳಿದ ಮೇಲಾದರೆ ಈ ಕೆಲಸ ಬಹಳ ತ್ರಾಸದ್ದು. ಎಳೆಗಳು ಮೂಗು ಬಾಯಿಗೂ ಹೋಗುತ್ತವೆ. ಬೀಜವನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ತಂಪಾದ ಒಣ ಜಾಗದಲ್ಲಿಡಬೇಕು. ಹತ್ತಿರದಲ್ಲಿ ಹಂಸಗಿಡವಿದ್ದರೆ ಬೀಜದಿಂದ ಬರುವ ಸಸಿಗಳು ಸಂಕರವಾಗಿರಬಹುದು.

ಸಸ್ಯಾಭಿವೃದ್ಧಿ: ಕಡ್ಡಿಯಿಂದ

ಅರೆಬಲಿತ ರೆಂಬೆಯ ತುದಿಯಿಂದ 10ರಿಂದ 15 ಸೆಂಮೀ ಉದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಕತ್ತರಿಸಿದೊಡನೆ ಹಾಲು ಸುರಿದು ಗಾಯದ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೇ ಬುಡವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಾಲು ನಿಲ್ಲುವವರೆಗೆ ತೊಳೆಯಬೇಕು. ಹೂ, ಮೊಗ್ಗು, ಕೆಳಗಿನ ಎಲೆಗಳನ್ನು ತೆಗೆದು, ಬೇರು ಬರಿಸುವ ಚೋದಕದ ಪುಡಿಗೆ ಬುಡವನ್ನು ಮುಟ್ಟಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಡಬೇಕು. ಕುಂಡವನ್ನು ನೇರ ಬಿಸಿಲಿಲ್ಲದ ಬೆಳಕಿನಲ್ಲಿಟ್ಟು, ಎಲೆ ಬಾಡದಂತೆ ತೆಳುವಾದ ಪ್ಲಾಸ್ಟಿಕ್ ಹೊದಿಸಿ ದಿನಕ್ಕೊಮ್ಮೆ ಗಾಳಿಯಾಡಿಸಬೇಕು. ಸುಮಾರು ಮೂರು ನಾಲ್ಕು ವಾರಗಳಲ್ಲಿ ಬೇರೊಡೆಯುತ್ತದೆ. ಕಡ್ಡಿಯನ್ನು ಮೆಲ್ಲಗೆ ಎಳೆದಾಗ ತಡೆ ಸಿಕ್ಕರೆ ಅದೇ ಗುರುತು. ನೀರು ತುಂಬಿದ ಸೀಸೆಯಲ್ಲಿಟ್ಟೂ ಬೇರು ಬರಿಸಬಹುದು. ನೀರನ್ನು ಆಗಾಗ ಬದಲಿಸುತ್ತಿರಬೇಕು.

ಇಷ್ಟದ ಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಲು, ಚಳಿಗಾಲದ ಕಷ್ಟ ದಾಟಿಸಲು, ಮರಿಹುಳುಗಳಿಗೆ ಬೇಗ ಎಲೆ ಒದಗಿಸಲು ಕಡ್ಡಿ ನೆಡುವ ಕ್ರಮ ಒಳ್ಳೆಯದು. ಆದರೆ ಒಂದೇ ಗಿಡದಿಂದ ತೆಗೆದ ಕಡ್ಡಿಗಳು ಎಷ್ಟಿದ್ದರೂ ವಂಶದ ದೃಷ್ಟಿಯಿಂದ ಒಂದೇ ಗಿಡ. ಸ್ವಂತ ಪರಾಗವನ್ನು ಒಲ್ಲದ ಗಿಡದ ಹತ್ತು ಕಡ್ಡಿ ನೆಟ್ಟು ಸಾಲು ಮಾಡಿದರೂ ಅವು ಒಂದಕ್ಕೊಂದು ಕಾಯಿ ಕಟ್ಟಿಸಲಾರವು. ಕಾಯಿಯೇ ಗುರಿಯಾಗಿದ್ದಲ್ಲಿ ಬೇರೆ ಬೇರೆ ತಾಯಿಗಿಡಗಳಿಂದ ಕಡ್ಡಿ ತರಬೇಕು, ಅಥವಾ ಸಾಲಿನ ನಡುವೆ ಬೀಜದ ಸಸಿಗಳನ್ನು ಸೇರಿಸಬೇಕು.

ಕೀಟ ಮತ್ತು ರೋಗ

ಅನೇಕ ದೇಶಗಳಲ್ಲಿ ಕಾಡುವ ಕೀಟ ಹಳದಿ ಸಸ್ಯಹೇನು, ಏಫಿಸ್ ನೀರಿಐ. ಕರ್ನಾಟಕದಲ್ಲಿ ಎಕ್ಕ, ಕಣಗಿಲೆಗಳ ಎಳೆಚಿಗುರನ್ನು ಮುತ್ತುವುದೂ ಇದೇ. ಹೆಣ್ಣುಗಳು ಗಂಡಿನ ನೆರವಿಲ್ಲದೆ ಮರಿ ಹಾಕುವುದರಿಂದ ಕೆಲವೇ ದಿನಗಳಲ್ಲಿ ಕುಡಿಗಳು ಹಳದಿಯಾಗಿ ಕಾಣುತ್ತವೆ. ಇದರ ಅಂಟುಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬಿರುಸಾಗಿ ನೀರು ಚಿಮ್ಮಿಸಿ ತೊಳೆಯುವುದು, ಮುತ್ತಿದ ಕುಡಿಯನ್ನು ಚಿವುಟಿ ಹಾಕುವುದು, ಗುಲಗಂಜಿ ಹುಳುಗಳಿಗೆ ಅವಕಾಶ ಕೊಡುವುದು ನಿರಪಾಯದ ದಾರಿಗಳು. ಸಾಬೂನು ನೀರು, ಬೇವಿನ ಎಣ್ಣೆಗಳಿಂದ ಹೇನಿನ ಜೊತೆಗೆ ಚಿಟ್ಟೆಯ ಮೊಟ್ಟೆ, ಮರಿಹುಳುಗಳೂ ಸಾಯುತ್ತವೆ. ಚಿಟ್ಟೆಗಾಗಿ ಬೆಳೆಸಿದ ಗಿಡಕ್ಕೆ ಅವು ಸಲ್ಲವು. ಅಂತರ್ವ್ಯಾಪಿ ಕೀಟನಾಶಕ ಸಿಂಪಡಿಸಿದ ನರ್ಸರಿಯ ಗಿಡಗಳಲ್ಲಿ ವಿಷ ವಾರಗಟ್ಟಲೆ ಎಲೆಯಲ್ಲಿ ಉಳಿಯುತ್ತದೆ. ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಕೆಂಪು-ಕಪ್ಪು ಬಣ್ಣದ ಬೀಜತಿಗಣೆಗಳು ಕಾಯಿಗೆ ಸೊಂಡಿಲು ಚುಚ್ಚಿ ಬೀಜದ ಸಾರ ಹೀರುತ್ತವೆ. ಬೀಜ ಬೇಕಾದಲ್ಲಿ ಕೈಯಿಂದ ಆರಿಸಿ ತೆಗೆಯಬಹುದು.

ಚಿಟ್ಟೆಗಳು

ತವರಿನಲ್ಲಿ ಈ ಗಿಡವನ್ನು ಅವಲಂಬಿಸಿರುವ ಚಿಟ್ಟೆ ಡನಾಸ್ ಕ್ರಿಸಿಪ್ಪಸ್. ಆಫ್ರಿಕದಲ್ಲಿ ಆಫ್ರಿಕದ ಮೊನಾರ್ಕ್ ಎಂದೂ ಭಾರತದಲ್ಲಿ ಪ್ಲೇನ್ ಟೈಗರ್ ಅಥವಾ ಹುಲಿ ಚಿಟ್ಟೆ ಎಂದೂ ಕರೆಯುವ ಇದು ಕರ್ನಾಟಕದ ಬಯಲಿನಲ್ಲಿ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಚಿಟ್ಟೆಯೇ. ಅಮೆರಿಕದ ಮೊನಾರ್ಕ್, ಡನಾಸ್ ಪ್ಲೆಕ್ಸಿಪ್ಪಸ್, ಬೇರೆ ಪ್ರಭೇದ, ಕರ್ನಾಟಕದಲ್ಲಿ ಅದಿಲ್ಲ. 19ನೆಯ ಶತಮಾನದಲ್ಲಿ ಅದು ಪೆಸಿಫಿಕ್ ದ್ವೀಪಗಳನ್ನು ಒಂದೊಂದಾಗಿ ದಾಟಿ 1870ರ ದಶಕದ ಹೊತ್ತಿಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳನ್ನು ತಲುಪಿತು. ಅಲ್ಲಿ ನೆಲೆಯೂರಲು ಅದಕ್ಕೆ ನೆರವಾದವು ಹೊರಗಿನಿಂದ ಬಂದ ಹಾಲುಗಿಡಗಳು, ಅವುಗಳಲ್ಲಿ ಆಫ್ರಿಕದ ಬಲೂನ್ ಗಿಡ ಮತ್ತು ಹಂಸಗಿಡಗಳೂ ಸೇರಿವೆ. ಹೀಗೆ ಅಮೆರಿಕದ ಚಿಟ್ಟೆ ಆಫ್ರಿಕದ ಗಿಡದ ಮೇಲೆ ನ್ಯೂಜಿಲೆಂಡಿನಲ್ಲಿ ಬದುಕುತ್ತಿದೆ. ಅಲ್ಲಿ ಮನೆಗಳಲ್ಲೂ ಶಾಲೆಗಳಲ್ಲೂ ಮಕ್ಕಳಿಗೆ ಚಿಟ್ಟೆಯ ಜೀವನಚಕ್ರ ತೋರಿಸಲು ಹಂಸಗಿಡ ಬೆಳೆಸುವುದು ವಾಡಿಕೆ.

ಮರಿಹುಳು ಹಾಲನ್ನು ಎದುರಿಸುವ ಕ್ರಮ ಗಮನಾರ್ಹ. ಎಲೆಯ ನಡುನರವನ್ನು ಅದು ಮೊದಲು ಕಡಿಯುತ್ತದೆ. ಹಾಲಿನ ಒತ್ತಡ ಅಲ್ಲೇ ಇಳಿದುಹೋಗುವುದರಿಂದ ಮುಂದಿನ ಭಾಗವನ್ನು ತಿನ್ನುವಾಗ ಬಾಯಿಗೆ ಅಂಟು ಮೆತ್ತಿಕೊಳ್ಳುವುದಿಲ್ಲ. ಎಲೆಯ ವಿಷವನ್ನು ಮೊನಾರ್ಕ್ ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ತಾಡ್ಯೂಸ್ ರೈಕ್‌ಸ್ಟೈನ್, ಮಿರಿಯಮ್ ರಾಥ್‌ಚೈಲ್ಡ್ ಮತ್ತು ಸಂಗಡಿಗರು 1968ರಲ್ಲಿ ಮೊನಾರ್ಕ್ ಚಿಟ್ಟೆಯಲ್ಲಿ ಹಾಲುಗಿಡದ ಹೃದಯವಿಷಗಳನ್ನು ಗುರುತಿಸಿ ಪ್ರಕಟಿಸಿದರು. ಅಂಥ ಚಿಟ್ಟೆಯನ್ನು ತಿಂದ ಹಕ್ಕಿ ವಾಂತಿ ಮಾಡಿಕೊಂಡು, ಮುಂದೆ ಅದನ್ನು ಕಂಡರೇ ದೂರ ಸರಿಯುವುದನ್ನು ಅಮೆರಿಕದ ಲಿಂಕನ್ ಬ್ರೋವರ್ ನೀಲಿ ಜೇ ಹಕ್ಕಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ.

ಗಿಡ ಚಿಕ್ಕದಿರುವಾಗಲೇ ಮರಿಹುಳುಗಳು ಬಂದರೆ ಬರಿಯ ಕಡ್ಡಿ ಉಳಿಯುತ್ತದೆ. ಕೆಲವು ಗಿಡಗಳಿಗೆ ಬಲೆ ಮುಚ್ಚಿ ಬೆಳೆಯಲು ಬಿಟ್ಟು, ಸರದಿಯಂತೆ ತೆರೆಯುವುದು ಇದಕ್ಕೆ ಪರಿಹಾರ. ವರ್ಷವಿಡೀ ಹಸಿರಾಗಿರುವ ಹಾಲುಗಿಡಗಳ ಎಲೆಯ ಮೇಲೆ ಮೊನಾರ್ಕ್‌ಗಳ ಪರೋಪಜೀವಿಯಾದ ಒಂದು ಏಕಕೋಶಿಯ ಬೀಜಕಗಳು ಕೂಡಿಕೊಳ್ಳುತ್ತವೆ. ಮೊನಾರ್ಕ್ ಇರುವ ನಾಡುಗಳಲ್ಲಿ ಇಂಥ ಗಿಡಗಳನ್ನು ಆಗಾಗ ಸವರಿ ಹೊಸ ಎಲೆ ತರಿಸಬೇಕೆಂಬ ಸಲಹೆ ಈ ಕಾರಣಕ್ಕೆ ಬಂದದ್ದು.

ವಿಷಗುಣ

ಗಿಡದ ಎಲ್ಲ ಭಾಗಗಳಲ್ಲೂ ಕಾರ್ಡಿನೊಲೈಡ್ ಎಂಬ ಹೃದಯವಿಷಗಳಿವೆ. ಜೀವಕೋಶದ ಪೊರೆಯಲ್ಲಿ ಸೋಡಿಯಂ ಹಾಗೂ ಪೊಟ್ಯಾಸಿಯಂ ಅಯಾನುಗಳನ್ನು ಸಾಗಿಸುವ ಕಿಣ್ವವನ್ನು ಇವು ತಡೆಯುತ್ತವೆ. ಇದರಿಂದ ಹೃದಯದ ಬಡಿತ ಏರುಪೇರಾಗುತ್ತದೆ. ಮೇವಿಲ್ಲದ ಕಾಲದಲ್ಲಿ ಅಥವಾ ಕೊಯ್ದ ಹುಲ್ಲಿನೊಡನೆ ಬೆರೆತಾಗ ಗಾಂಫೊಕಾರ್ಪಸ್ ತಿಂದು ದನ ಕುರಿಗಳು ಸತ್ತಿವೆ; ಒಣಗಿದ ಗಿಡದಲ್ಲೂ ವಿಷ ಉಳಿಯುತ್ತದೆ. ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿ, ಉರಿ. ಕಣ್ಣಿಗೆ ಬಿದ್ದರೆ ಕಾರ್ನಿಯಕ್ಕೆ ಹಾನಿಯಾಗಿ ದೃಷ್ಟಿ ಮಂಜಾಗಬಹುದು. ಎಕ್ಕದ ಹಾಲಿನಿಂದಲೂ ಇದೇ ತೊಂದರೆ. ಕಡ್ಡಿ ಕತ್ತರಿಸುವಾಗ, ಸವರುವಾಗ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಕಣ್ಣಿಗೆ ಹಾಲು ಬಿದ್ದರೆ ಉಜ್ಜದೆ ಧಾರಾಳವಾಗಿ ನೀರಿನಿಂದ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು. ಚಿಕ್ಕ ಮಕ್ಕಳು ಆಡುವ ಜಾಗದಿಂದ ಗಿಡವನ್ನು ದೂರವಿಡುವುದು ಒಳಿತು, ಏಕೆಂದರೆ ಕಾಯಿಗಳು ಅವರನ್ನು ಸೆಳೆಯುತ್ತವೆ.

ಉಪಯೋಗ

ಇಂದಿನ ಮುಖ್ಯ ಉಪಯೋಗ ಪುಷ್ಪಾಲಂಕಾರ. ಕಾಯಿ ಪೂರ್ಣ ಉಬ್ಬಿ ಇನ್ನೂ ಹಸಿರಾಗಿರುವಾಗ ರೆಂಬೆ ಕತ್ತರಿಸಿ, ಎಲೆ ತೆಗೆದು, ಬುಡವನ್ನು ಕೆಲವು ಕ್ಷಣ ಬಿಸಿನೀರಿಗೆ ಅದ್ದಿದರೆ ಹಾಲು ನಿಂತು ರೆಂಬೆ ನೀರೆಳೆದುಕೊಳ್ಳುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹಂಸಗಿಡದ ಒಣಗಿದ ಎಲೆಯ ಪುಡಿಯನ್ನು ತಲೆನೋವಿಗೆ ನಸ್ಯದಂತೆ ಬಳಸುತ್ತಿದ್ದರು. ಬೀಜದ ಎಳೆಗಳನ್ನು ಕಿಡಿಯಿಂದ ಬೆಂಕಿ ಹೊತ್ತಿಸಲು ಬಳಸುತ್ತಿದ್ದರು. ವಿಷದ ಗಿಡವಾದ್ದರಿಂದ ಮನೆಮದ್ದಾಗಿ ಇದನ್ನು ಪ್ರಯೋಗಿಸಬಾರದು. ಹಾಲುಗಿಡದ ಎಳೆಗಳು ಟೊಳ್ಳಾಗಿದ್ದು ಮೇಣದ ಲೇಪವುಳ್ಳವು, ನೀರಿನಲ್ಲಿ ಮುಳುಗವು. ಎರಡನೆಯ ಮಹಾಯುದ್ಧದಲ್ಲಿ ಜಾವಾದ ಬೂರುಗದ ಹತ್ತಿ ಸಿಗದಾದಾಗ ಅಮೆರಿಕದಲ್ಲಿ ಅಲ್ಲಿನ ಹಾಲುಗಿಡದ ಎಳೆಗಳನ್ನು ಜೀವರಕ್ಷಕ ಜಾಕೆಟ್‌ಗಳಿಗೆ ತುಂಬಿದ್ದು ಈ ಗುಣಕ್ಕಾಗಿ.

ಕಳೆಯಾಗದಂತೆ ಬೆಳೆಸುವುದು

ಗಾಳಿಯಲ್ಲಿ ದೂರ ಸಾಗುವ ಬೀಜ ಹುಲ್ಲುಗಾವಲು, ಹಳ್ಳದ ದಂಡೆ, ಪಾಳುನೆಲಗಳಲ್ಲಿ ಮೊಳೆತು ಸ್ಥಳೀಯ ಸಸ್ಯಗಳ ಜಾಗ ಹಿಡಿಯುತ್ತದೆ. ಹಂಸಗಿಡವನ್ನು ಪಶ್ಚಿಮ ಆಸ್ಟ್ರೇಲಿಯದಲ್ಲಿ ಪೀಡಕ ಸಸ್ಯವೆಂದು ಘೋಷಿಸಲಾಗಿದೆ. ಬಲೂನ್ ಗಿಡ ಬೆಳೆಸುವವರು ಬೀಜಕ್ಕೆಂದು ಎರಡೋ ಮೂರೋ ಕಾಯಿಗಳನ್ನು ಗುರುತಿಸಿ ಚೀಲ ಕಟ್ಟಿ, ಉಳಿದವನ್ನು ಹಸಿರಿರುವಾಗಲೇ ಕತ್ತರಿಸಬೇಕು. ಬಲಿತ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆಗೆ ಬೀಜವೂ ತೋಟದ ತುಂಬ ಹರಡುತ್ತದೆ. ತಾನಾಗಿ ಎದ್ದ ಸಸಿಗಳನ್ನು ಬೇರು ಆಳಕ್ಕಿಳಿಯುವ ಮೊದಲೇ ಒದ್ದೆ ಮಣ್ಣಿನಲ್ಲಿ ಕಿ‌ತ್ತರೆ ಪೂರ್ತಿ ಬರುತ್ತವೆ. ಬೆಟ್ಟದ ಹುಲ್ಲುಗಾವಲು, ಮೀಸಲು ಕಾಡುಗಳ ಅಂಚಿನಲ್ಲಿ ಇದನ್ನು ನೆಡದಿರುವುದೇ ಸರಿ. ಕನ್ನಡ ನಾಡಿನಲ್ಲಿ ಹುಲಿ ಚಿಟ್ಟೆಗಾಗಿ ಗಿಡ ಬೇಕೆನ್ನುವವರಿಗೆ ಎಕ್ಕ ಹಿತ್ತಲಲ್ಲೇ ಇದೆ. ರಥಸಪ್ತಮಿಯಂದು ಮೀಯುವಾಗ ಮೈಮೇಲಿಟ್ಟುಕೊಳ್ಳುವ ಅದೇ ಎಲೆಯ ಮೇಲೆ ಪ್ಲೇನ್ ಟೈಗರ್ ವರ್ಷವಿಡೀ ಸಂತಾನ ಬೆಳೆಸುತ್ತದೆ. ಅದಕ್ಕಾಗಿ ಬಲೂನ್ ಗಿಡವನ್ನೇ ತರಿಸಬೇಕಾಗಿಲ್ಲ.